ಗುರುತು ಹಾಕದ ಬಟ್ಟೆ

ಹಬೆ ಎದ್ದು ಕನ್ನಡಕವೆಲ್ಲ ಮಂಜು, ಕೈಯಡಿಯಲ್ಲಿದ್ದ ಅಂಗಿ ಮಾಯ, ಮೇಜಿನಾಚೆ ನಿಂತಿದ್ದ ಅತ್ತಿಗೆಯೂ ಮಾಯ, ಒರೆಸಿಕೊಳ್ಳೋಣವೆಂದರೆ ಇಸ್ತ್ರಿಪೆಟ್ಟಿಗೆ ಕೆಳಗಿಡಬೇಕು, ಇಟ್ಟರೆ ಮತ್ತೆ ಎತ್ತುವ ಮನಸ್ಸಿಲ್ಲ, ಗುಮ್ಮಿ ಹಾಗೇ ಕುರುಡುಗೈಯಲ್ಲಿ ಕಾಲರನ್ನು ತಡವಿ ಹಿಡಿದು ಎಳೆದಳು, ಎಳೆದ ರಭಸಕ್ಕೆ ಹೊಲಿಗೆ ಚುರ್ ಎಂದಿತು — ನಿಧಾನ ಕಣೇ, ಆ ಅಂಗಿ ಏನು ನಿನ್ನ ಗಂಟು ತಿಂದಿದೆಯಾ, ಎಂದಿತು ಮಂಜಿನಾಚೆಯಿಂದ ಅತ್ತಿಗೆಯ ದನಿ. ತಿಂದಿದೆ ಅತ್ತಿಗೆ, ನನ್ನದಲ್ಲ, ನಿನ್ನದು, ಎಂದು ಹೇಳಬೇಕಿತ್ತು, ನಾಲಿಗೆಯ ತುದಿವರೆಗೆ ಬಂದಿತ್ತು, ಅಲ್ಲೇ ಕೂತಿತು. ಲಾಯರಮ್ಮನ ಅಂಗಿಯೇ ಇದು. ಬೆಳಿಗ್ಗೆ ಅವಳ ಆಫೀಸಿನಲ್ಲಿ ಮಾತೆಲ್ಲ ಮುಗಿದು ಕುರ್ಚಿಯಿಂದ ಏಳುವಾಗ ಮೇಜಿನ ಕೆಳಗಿಂದ ಒಂದು ಚೀಲ ಎಳೆದು, ಹೇಗೂ ಬಂದಿದ್ದೀರಲ್ಲ ಅಮ್ಮಾ, ಇದನ್ನೂ ತಗೊಂಡು ಹೋಗ್ಬಿಡಿ, ನಾಳೆ ಬರುವಾಗ ತಂದ್ರೆ ಆಯ್ತು, ಎಂದು ಕೊಟ್ಟಳು, ಒಂದು ಕೈಗೆ ಆಸ್ತಿಯ ಕರಡುಗಳು, ಇನ್ನೊಂದು ಕೈಗೆ ಮಾಸಿದ ಬಟ್ಟೆ, ಎರಡನ್ನೂ ಚೊಕ್ಕ ಮಾಡಿ ತರಬೇಕಾದವಳು ಗುಮ್ಮಿಯೇ. ಬಟ್ಟೆಯದೇನೋ ಆಗುತ್ತದೆ. ಕರಡುಗಳಲ್ಲಿ ಒಂದಕ್ಕೆ ನಾಳೆ ಬೆಳಿಗ್ಗೆ ರುಜು ಬೀಳಬೇಕು, ಅಷ್ಟರೊಳಗೆ ಈ ಮೇಜಿನಾಚೆ ನಿಂತವಳಿಗೆ ವಿಷಯ ಹೇಳಬೇಕು, ಏನೆಂದು ಹೇಳುವುದು, ನಾನು ಸತ್ತ ಮೇಲೆ ಈ ಮನೆ ನಿನಗೆ ಉಳಿಯುವುದಿಲ್ಲ, ನಿನ್ನ ಹೆಸರಿಗೆ ಬರೆದರೂ ಅದರ ತೆರಿಗೆ ಕಟ್ಟಲು ಅದನ್ನೇ ಮಾರಬೇಕು, ಯಾಕೆಂದರೆ ಸರ್ಕಾರದ ಲೆಕ್ಕದಲ್ಲಿ ನೀನು ನನಗೆ ಯಾರೂ ಅಲ್ಲ — ಹೇಳು, ಬಾಯಿಬಿಟ್ಟು ಹೇಳು, ಇಷ್ಟು ಹೇಳಲು ಇಡೀ ದಿನ ಬೇಕೇ. ಬೇಕು. ಅದಕ್ಕೇ ತಾನೇ ಗುಮ್ಮಿ ಎಂದು ಹೆಸರು, ಅತ್ತಿಗೆ ಮದುವೆಯಾಗಿ ಈ ಮನೆಗೆ ಕಾಲಿಟ್ಟ ಹೊಸತರಲ್ಲೇ ನಾದಿನಿಯನ್ನು ನೋಡಿ, ಇದೇನು ಗುಮ್ಮನಗುಸುಕಿ, ಕೇಳಿದ್ದಕ್ಕೂ ಮಾತಿಲ್ಲ ಕೇಳದ್ದಕ್ಕೂ ಮಾತಿಲ್ಲ, ಎಂದದ್ದು ಬರಬರುತ್ತ ಸವೆದು ಗುಮ್ಮಿಯಾಯಿತು, ಹೆತ್ತವರಿಟ್ಟ ಹೆಸರು ಈಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ.

ತಪ್ಪು ಯಾರದೂ ಅಲ್ಲವಂತೆ. ಅದನ್ನೇ ಎಷ್ಟು ಸಲ ಹೇಳಿದಳು ಆ ಲಾಯರು ಹುಡುಗಿ, ಹುಡುಗಿಯೇ, ಇವಳು ಕೂಸಾಗಿದ್ದಾಗ ಇವಳ ಅಪ್ಪ ದೊಡ್ಡ ಲಾಯರು ತನ್ನ ಕಪ್ಪು ಕೋಟಿನ ಜೊತೆ ಇವಳ ತೊಟ್ಟಿಲಿನ ಚಾದರವನ್ನೂ ಇಲ್ಲಿಗೇ ಕಳಿಸುತ್ತಿದ್ದರು, ಆ ದೊಡ್ಡ ಲಾಯರೇ ಅಂದು ವಿಲ್ಲು ಬರೆದುಕೊಟ್ಟದ್ದು, ಕೆಳಗಿನ ಲಾಂಡ್ರಿ, ಮೇಲಿನ ಎರಡು ಕೋಣೆ, ಒಳಗಿರುವ ಸಾಮಾನು, ಎಲ್ಲ ನನ್ನ ನಂತರ ನನ್ನ ಅತ್ತಿಗೆಗೆ, ಅಷ್ಟೇ, ಓದಿ ಹೇಳಿದಾಗ ಎಷ್ಟು ಸಮಾಧಾನವಾಗಿತ್ತು, ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ. ಈಗ ಕಾನೂನು ಬದಲಾಗಿದೆಯಂತೆ, ಬರುವ ತಿಂಗಳಿಂದ ಜಾರಿಯಂತೆ, ಅಷ್ಟರೊಳಗೆ ಕಾಗದಪತ್ರ ಸರಿಮಾಡಿಕೊಂಡವರು ಉಳಿದರು, ಮಿಕ್ಕವರು ಕೆಟ್ಟರು. ಮಕ್ಕಳಿಗೆ ಹೋದರೆ ಇಷ್ಟು ತೆರಿಗೆ, ಒಡಹುಟ್ಟಿದವರ ಮಕ್ಕಳಿಗೆ ಹೋದರೆ ಇನ್ನು ಸ್ವಲ್ಪ, ಮಿಕ್ಕವರೆಲ್ಲ ಹೊರಗಿನವರು, ಹೊರಗಿನವರಿಗಾದರೆ ಆಸ್ತಿಯ ಅರ್ಧಕ್ಕೆ ಹತ್ತಿರ, ಅದೂ ಕೈಗೆ ಬರುವ ಮುಂಚೆಯೇ ಕಟ್ಟಬೇಕು. ಗುಮ್ಮಿ ಕೇಳಿದ್ದಳು, ನಮ್ಮ ಅತ್ತಿಗೆ ಯಾವ ಸಾಲಿಗೆ ಬರ್ತಾಳಮ್ಮ. ಅಣ್ಣನ ಹೆಂಡತಿ ಆಗಿದ್ರೆ ಏನೋ ಒಂದು ದಾರಿ ಹುಡುಕಬಹುದಿತ್ತು ಅಮ್ಮಾ, ಆದ್ರೆ ಅವರಿಗೆ ಡೈವೋರ್ಸ್ ಆಗಿದೆಯಲ್ಲ. ಆಗಿರೋದು ಅಣ್ಣನಿಗೆ, ನನಗಲ್ಲವಲ್ಲ, ಅವನು ಬಿಟ್ಟ, ನಾನೆಲ್ಲಿ ಬಿಟ್ಟೆ. ಲಾಯರಮ್ಮ ನಕ್ಕಳು, ಕೆಟ್ಟ ನಗೆಯಲ್ಲ, ಮಗು ಏನೋ ಮುದ್ದಾಗಿ ಹೇಳಿದರೆ ನಗುವ ನಗೆ, ಅದೇ ಹೊಟ್ಟೆ ಉರಿಸಿದ್ದು, ಭಾವನೆ ಬೇರೆ ಅಮ್ಮಾ, ಕಾನೂನು ಬೇರೆ, ಎಂದಳು. ಭಾವನೆಯಂತೆ. ಬಾಯ್ಲರಿನ ಬಿಸಿಗೆ ನನ್ನ ಮೈಯೆಲ್ಲ ಬೊಬ್ಬೆ ಎದ್ದಾಗ ಅತ್ತಿಗೆ ರಾತ್ರಿಯೆಲ್ಲ ಬೀಸಣಿಗೆ ಬೀಸಿದ್ದು ಭಾವನೆಯಾ. ಬದುಕಿರುವಾಗಲೇ ದಾನವಾಗಿ ಕೊಟ್ಟುಬಿಟ್ಟರೆ? ಕೊಡಬಹುದು, ಆದ್ರೆ ಕೊಟ್ಟ ಮೇಲೆ ನೀವು ಬಹಳ ವರ್ಷ ಬದುಕಿರಬೇಕು, ಮಧ್ಯದಲ್ಲಿ ಏನಾದ್ರೂ ಆದ್ರೆ ತೆರಿಗೆ ಮತ್ತೆ ಬಂದು ಕೂರುತ್ತೆ. ಎಲಾ ಇವರ, ಸಾಯುವುದಕ್ಕೂ ಇವರ ಅನುಮತಿ ಬೇಕು. ಹಾಗಾದರೆ ದತ್ತು ತಗೊಂಡುಬಿಟ್ಟರೆ, ಎಂದು ಕೇಳಿದಳು ಗುಮ್ಮಿ, ನಿಜಕ್ಕೂ ಕೇಳಿದಳು, ತಮಾಷೆಗಲ್ಲ, ಲಾಯರಮ್ಮ ಪೆನ್ನು ಹಿಡಿದು ಮುಂದಕ್ಕೆ ಬಾಗಿ, ಅವರಿಗೆ ವಯಸ್ಸೆಷ್ಟು, ಎಂದಳು, ನನಗಿಂತ ದೊಡ್ಡವಳು, ಎಂದಳು ಗುಮ್ಮಿ, ಪೆನ್ನು ಮತ್ತೆ ಮೇಜಿನ ಮೇಲೆ ಮಲಗಿತು.

ತೋಳಿನ ಪಟ್ಟಿ, ಒಂದು ಕಡೆ ಮುಗಿಯಿತು, ಇನ್ನೊಂದು ಕಡೆ, ಗುಂಡಿಯ ಸುತ್ತ ಮೊನೆಯಿಂದ ಒತ್ತಬೇಕು, ಗುಂಡಿಯ ಮೇಲೆ ಹೋದರೆ ಕರಗುತ್ತದೆ, ಇವೆಲ್ಲ ಅಗ್ಗದ ಗುಂಡಿ — ಅಣ್ಣನ ಅಂಗಿಗೆ ಚಿಪ್ಪಿನ ಗುಂಡಿಯೇ ಬೇಕಿತ್ತು. ಅಣ್ಣನಿಗೆ ಎಲ್ಲವೂ ಒಳ್ಳೆಯದೇ ಬೇಕಿತ್ತು, ಹಬೆಯ ವಾಸನೆ ಬೇಡವಿತ್ತು, ಊರಿನವರ ಮಾಸಿದ ಬಟ್ಟೆ ಮುಟ್ಟುವುದು ಬೇಡವಿತ್ತು, ಬಟ್ಟೆ ತಲುಪಿಸಲು ಹೋಗುತ್ತಿದ್ದ ಒಂದು ಮನೆಯಲ್ಲೇ ಉಳಿದುಕೊಂಡ, ಮೊದಲು ಒಂದು ಸಂಜೆ, ಆಮೇಲೆ ಒಂದು ವಾರ, ಆಮೇಲೆ ಕೋರ್ಟಿನ ಕಾಗದ. ನೆಂಟರೆಲ್ಲ ಬಂದು ಮೇಲಿನ ಕೋಣೆಯಲ್ಲಿ ಸಾಲಾಗಿ ಕೂತು ಅತ್ತಿಗೆ ಯಾವಾಗ ತವರಿಗೆ ಹೋಗುತ್ತಾಳೆ ಎಂದು ಮಾತಾಡಿಕೊಳ್ಳುತ್ತಿದ್ದಾರೆ, ಅತ್ತಿಗೆಯದೋ ಕೆಳಗೆ ಕೆಲಸ, ಆ ದಿನ ಹೋಟೆಲಿನ ಮೇಜುಬಟ್ಟೆಗಳ ರಾಶಿ ಬಂದಿತ್ತು, ಅಪ್ಪ ಮೆಟ್ಟಿಲು ಹತ್ತಿ ಬಂದು, ಎಲ್ಲರೂ ಚಹಾ ಕುಡಿದ್ರಾ, ಕುಡಿದಿದ್ರೆ ಹೊರಡಿ, ಹೋದೋನು ಹೋದ, ಇವಳು ನಮ್ಮೋಳು, ಎಂದರು. ಅಷ್ಟೇ ಎಂದದ್ದು. ಅಷ್ಟೇ ಸಾಕೆಂದು ಎಲ್ಲರಿಗೂ ಅನ್ನಿಸಿತ್ತು, ಅಪ್ಪನಿಗೆ, ಗುಮ್ಮಿಗೆ, ಅತ್ತಿಗೆಗೂ. ಅಪ್ಪ ಹಾಸಿಗೆ ಹಿಡಿದಾಗ ಲಾಂಡ್ರಿಯನ್ನು ಗುಮ್ಮಿಯ ಹೆಸರಿಗೆ ಬರೆದರು, ಅತ್ತಿಗೆಯ ಹೆಸರನ್ನೂ ಸೇರಿಸಿ ಅಪ್ಪಾ ಎಂದಳು ಇವಳು, ಅಪ್ಪನಿಗೆ ಸಿಟ್ಟೇ ಬಂತು, ಉಸಿರು ಎಳೆದುಕೊಂಡು, ಸೇರಿಸೋಕೆ ಅವಳೇನು ಹೊರಗಿಂದ ಬರಬೇಕಾ, ಎಂದರು, ಸೇರಿಸುವುದೆಂದರೆ ಅದುವರೆಗೆ ಬೇರೆಯಿದ್ದಳು ಎಂದಾಗುತ್ತದೆ, ಅದು ಅಪ್ಪನ ಲೆಕ್ಕ, ಎಂಥ ಚೆನ್ನಾದ ಲೆಕ್ಕ, ಎಂಥ ಹಾಳು ಲೆಕ್ಕ. ಗಟ್ಟಿಯಾಗಿ ಹೇಳಬಾರದಿತ್ತೇ ನೀನು, ಅಪ್ಪನ ಕೈಹಿಡಿದು ಬರೆಸಬಾರದಿತ್ತೇ, ನೆಂಟರ ಮುಂದೆ ಅಪ್ಪ ಹೇಳಿದ ಮಾತು ಯಾವ ಆಫೀಸಿನ ಗೋಡೆಯ ಮೇಲೆ ಬರೆದಿದೆ ಈಗ, ಹೇಳಿದವರೂ ಇಲ್ಲ ಕೇಳಿದವರೂ ಇಲ್ಲ, ಉಳಿದವಳು ಗುಮ್ಮಿ, ಅವಳಿಗೆ ಮಾತೇ ಇಲ್ಲ.

ಅಂಗಿ ಮುಗಿಯಿತು, ಮಡಿಸಿ ಇಟ್ಟಳು, ಮುಂದಿನದು. ಮುಂಗಡೆಯ ಬಾಗಿಲ ಗಂಟೆ ಟಿಣ್ ಎಂದಿತು, ಅವನಾ, ಅವನಲ್ಲ, ಪರದೆ ಬಟ್ಟೆಯವರು, ಕೌಂಟರಿನ ಹುಡುಗಿ ನೋಡಿಕೊಳ್ಳುತ್ತಾಳೆ, ಆದರೂ ಕೆಲಸ ನಿಲ್ಲಿಸಿ ಬಾಗಿಲತ್ತ ತಿರುಗಿದೆಯಲ್ಲ, ಯಾಕೆ ಹಾಗೆ, ಅಣ್ಣನ ಮಗ ಕೆಟ್ಟವನಲ್ಲ, ಅದೇ ದೊಡ್ಡ ಗೋಳು, ಕೆಟ್ಟವನಾಗಿದ್ದರೆ ಬೈದು ಆಚೆಗಟ್ಟಿ ನೆಮ್ಮದಿಯಾಗಿ ಇರಬಹುದಿತ್ತು. ಅಣ್ಣನ ಎರಡನೆಯ ಸಂಸಾರದ ಹುಡುಗ, ಅಣ್ಣ ತೀರಿಕೊಂಡ ಮೇಲೆ ತಾನಾಗಿ ಹುಡುಕಿಕೊಂಡು ಬಂದ, ಸೋದರತ್ತೆ ಒಬ್ಬಳು ಇದ್ದಾಳೆ ಅಂತ ಅಪ್ಪ ಹೇಳ್ತಿದ್ರು ಎಂದ, ಬಾತ್‌ರೂಮಿಗೆ ಟೈಲ್ಸ್ ಹಾಕಿಸುವ ಗುತ್ತಿಗೆ ಕೆಲಸ, ಒಳಗೆ ಬಂದವನು ಕೂರುವ ಮುಂಚೆ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ, ಅದು ಅವನ ಅಭ್ಯಾಸ, ಇವಳಿಗೆ ಮಾತ್ರ ಹೆಣದ ಅಳತೆ ತೆಗೆದ ಹಾಗಾಗುತ್ತದೆ. ಗುಮ್ಮಿಯನ್ನು ಅತ್ತೆ ಎನ್ನುತ್ತಾನೆ, ಬಾಯ್ಲರ್ ನೋಡಿಕೊಳ್ಳುವ ಮುದುಕನನ್ನು ತಾತ ಎನ್ನುತ್ತಾನೆ, ಕೌಂಟರಿನ ಹುಡುಗಿಯನ್ನು ತಂಗಿ ಎನ್ನುತ್ತಾನೆ, ಅತ್ತಿಗೆಯನ್ನು ಏನೂ ಅನ್ನುವುದಿಲ್ಲ. ದೊಡ್ಡಮ್ಮ ಅನ್ನಬಹುದಿತ್ತು. ಅವನಿಗೂ ಬಾಯಿ ಬರುವುದಿಲ್ಲವೇನೋ, ಅವನ ತಾಯಿಗೆ ನೋವಾಗಬಹುದೇನೋ, ಅವರು ಅನ್ನುತ್ತಾನೆ, ಅವರದು ಊಟ ಆಯ್ತಾ, ಅವರಿಗೆ ಕಾಲುನೋವು ಹೇಗಿದೆ, ಎದುರಿಗೇ ಕೂತಿದ್ದರೂ ಅವರು. ಎರಡು ವಾರದ ಹಿಂದೆ ಮೊದಲ ಸಲ ಹೋದಾಗ ಲಾಯರಮ್ಮ ಹೇಳಿದ ಮೊದಲ ಕರಡು ಇವನ ಹೆಸರಿಗೆ. ಅಣ್ಣನ ಮಗ ರಕ್ತಸಂಬಂಧ ಅಮ್ಮಾ, ತೆರಿಗೆ ತುಂಬ ಕಡಿಮೆ, ಮನೆ ಅವರಿಗೆ ಬರೆಯಿರಿ, ನಿಮ್ಮ ಅತ್ತಿಗೆ ಇರೋವರೆಗೆ ಅಲ್ಲೇ ವಾಸ ಮಾಡ್ಬಹುದು ಅಂತ ಒಂದು ಷರತ್ತು ಹಾಕೋಣ, ಎಷ್ಟೋ ಮನೆಗಳಲ್ಲಿ ಹೀಗೇ ಮಾಡ್ತಾರೆ. ಹೋದ ಭಾನುವಾರ ಅವನನ್ನು ಕರೆಸಿ ಗುಮ್ಮಿ ಅರ್ಧಂಬರ್ಧ ಬಾಯಿಬಿಟ್ಟು ಕೇಳಿಯೂ ಕೇಳಿದಳು, ಹೀಗೆ ಮಾಡಿದರೆ ಹೇಗಪ್ಪಾ ಎಂದು, ಅವನು ಚಹಾದ ಲೋಟ ಕೆಳಗಿಟ್ಟು, ಅಯ್ಯೋ, ಅವರು ಇರ್ಲಿ ಬಿಡಿ ಅತ್ತೆ, ನಾನೇನು ಬೇಡ ಅಂತೀನಾ, ಎಂದ. ಎಷ್ಟು ಒಳ್ಳೆಯ ಮನಸ್ಸಿನಿಂದ ಎಂದ. ಇರ್ಲಿ ಬಿಡಿ. ಆವತ್ತಿನಿಂದ ಈ ಎರಡು ಮಾತು ಹಲ್ಲಿನ ಸಂದಿನಲ್ಲಿ ಸಿಕ್ಕ ನಾರಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ, ತೆಗೆಯಲು ಬರುವುದಿಲ್ಲ, ಬೆಕ್ಕು ಇರ್ಲಿ ಬಿಡಿ, ಹಳೇ ಬೆಂಚು ಇರ್ಲಿ ಬಿಡಿ, ಅತ್ತಿಗೆ ಇರ್ಲಿ ಬಿಡಿ, ಅವನು ಗೋಡೆ ತಟ್ಟುತ್ತ ಮೇಲಿನ ಕೋಣೆಗೆ ಬರುವಾಗ ಅತ್ತಿಗೆ ಮಂಚದಿಂದ ಎದ್ದು ನಿಲ್ಲುತ್ತಾಳೆ, ಎದ್ದು ನಿಲ್ಲುವುದೇ ಕಾಣುತ್ತದೆ ಗುಮ್ಮಿಗೆ, ಈ ಮನೆಯಲ್ಲಿ ಅವಳು ಯಾರಿಗೆ ಎದ್ದು ನಿಂತಿದ್ದಾಳೆ ಇಷ್ಟು ವರ್ಷ, ಅಪ್ಪನಿಗೂ ಅಲ್ಲ.

ಎರಡನೆಯ ಕರಡು ಇದೆ. ಅದು ಚೀಲದ ತಳದಲ್ಲಿದೆ, ಅದನ್ನು ನೆನೆದರೆ ಇನ್ನೂ ಸಿಟ್ಟು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು, ಕಾದ ಪೆಟ್ಟಿಗೆಯನ್ನು ಎಲ್ಲಾದರೂ ಬೀಸಿ ಒಗೆಯಬೇಕು ಅನ್ನಿಸುವ ಸಿಟ್ಟು. ಲಾಯರಮ್ಮ ಕೇಳಿದ್ದಳು, ಅವರು ಇಲ್ಲಿ ದುಡಿದಿದ್ದಾರಲ್ಲ, ಸಂಬಳ ಕೊಟ್ಟ ದಾಖಲೆ ಏನಾದ್ರೂ ಇದೆಯಾ, ಪಾಲುದಾರರು ಅಂತ ಎಲ್ಲಾದ್ರೂ ಹೆಸರಿದೆಯಾ, ಇದ್ದಿದ್ರೆ ಅರ್ಧ ಆಗಲೇ ಅವರದ್ದು ಅಂತ ತೋರಿಸಿಬಿಡಬಹುದಿತ್ತು, ಅದಕ್ಕೆ ತೆರಿಗೆಯೇ ಬರ್ತಿರಲಿಲ್ಲ. ಇಲ್ಲ. ಬಾಯ್ಲರಿನ ಮುದುಕನ ಹೆಸರಿದೆ, ಕೌಂಟರಿನ ಹುಡುಗಿಯದಿದೆ, ಅವಳಿಗಿಂತ ಮುಂಚೆ ಇದ್ದವಳದು, ಒಂದೇ ವಾರ ಇದ್ದು ಎರಡು ರೇಷ್ಮೆ ಬಟ್ಟೆ ಸುಟ್ಟು ಓಡಿಹೋದವನದೂ ಇದೆ, ಅತ್ತಿಗೆಯದಿಲ್ಲ. ಮನೆಯವಳಿಗೆ ಯಾರು ಸಂಬಳ ಕೊಡುತ್ತಾರೆ. ಕೊಟ್ಟು ನೋಡಿದ್ದೂ ಉಂಟು, ಆಸ್ಪತ್ರೆಯ ಬಟ್ಟೆ ಮೊದಲ ಸಲ ಸಿಕ್ಕ ವರ್ಷ, ಕೆಲಸ ಮೂರು ಪಟ್ಟಾಗಿತ್ತು, ಅತ್ತಿಗೆಯ ಕೈ ಬೆಂದು ಸಿಪ್ಪೆ ಏಳುತ್ತಿತ್ತು, ಪಾಪ ಎನ್ನಿಸಿ ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಒಂದು ಲಕೋಟೆಯಲ್ಲಿ ಹಾಕಿ ಮುಂದಿಟ್ಟಳು ಗುಮ್ಮಿ, ಅತ್ತಿಗೆ ಲಕೋಟೆ ನೋಡಿದಳು, ಇವಳ ಮುಖ ನೋಡಿದಳು, ನನ್ನನ್ನ ಆಳು ಅಂತ ಮಾಡಿಬಿಟ್ಯಾ, ಎಂದಳು, ಅಷ್ಟೇ, ಆಮೇಲೆ ಮಾತು ಬಂದ್, ಕೆಲಸ ಮಾಡುತ್ತಾಳೆ, ಬಡಿಸುತ್ತಾಳೆ, ಮಾತಿಲ್ಲ, ಮನೆಯಲ್ಲಿ ಮಾತಾಡುವವಳೇ ಒಬ್ಬಳು, ಅವಳೂ ಬಾಯಿ ಮುಚ್ಚಿದ ಮೇಲೆ ಸ್ಮಶಾನ, ಕೊನೆಗೆ ಗುಮ್ಮಿಯೇ ಲಕೋಟೆ ಹರಿದು ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಸುರಿದಳು, ಇಬ್ಬರ ಕೈಯೂ ಹೋಗುವ ಪೆಟ್ಟಿಗೆ, ಆಗ ಅತ್ತಿಗೆ ಹಿಂದಿನಿಂದ, ಉಪ್ಪು ಮುಗಿದಿದೆ, ತರ್ತೀಯಾ, ಎಂದಳು, ಜೀವ ಬಂತು. ಆವತ್ತು ಗೆದ್ದೆವು ಅಂದುಕೊಂಡಿದ್ದರು ಇಬ್ಬರೂ. ಇಲ್ಲಿನ ಕೆಲಸದ ರೀತಿಯೇ ಹಾಗೆ, ಬಂದ ಬಟ್ಟೆಗೆಲ್ಲ ಕಾಲರಿನ ಒಳಗೆ, ಅಂಚಿನ ಮೂಲೆಯಲ್ಲಿ ಶಾಯಿಯ ಗುರುತು ಬೀಳಲೇಬೇಕು, ಒಂದೊಂದು ಮನೆಗೆ ಒಂದೊಂದು ಗುರುತು, ಎರಡು ಚುಕ್ಕೆ ಒಂದು ಗೆರೆ ದೊಡ್ಡ ಲಾಯರ ಮನೆಯದು, ಗುಂಡುಸೊನ್ನೆ ಆಸ್ಪತ್ರೆಯದು, ನಮ್ಮ ಬಟ್ಟೆಗೆ ಮಾತ್ರ ಗುರುತಿಲ್ಲ, ಹಬೆಯಿಂದ ಹೊರಬಂದ ರಾಶಿಯಲ್ಲಿ ಗುರುತಿಲ್ಲದ್ದು ಸಿಕ್ಕಿತೋ ಅದು ನಮ್ಮದು, ಕಣ್ಣುಮುಚ್ಚಿ ಎತ್ತಿ ಮೇಲಕ್ಕೆ ಒಯ್ಯಿ, ಹೊಸ ಹುಡುಗಿಯರಿಗೆ ಅತ್ತಿಗೆ ಕಲಿಸುವ ಮೊದಲ ಪಾಠವೇ ಅದು, ಪರರದ್ದಕ್ಕೆ ಗುರುತು ಕಣೇ, ನಮ್ಮದಕ್ಕೆ ಯಾಕೆ. ಹಾಗೇ ಬದುಕಿಬಿಟ್ಟೆವು. ಆ ಆಫೀಸಿನಲ್ಲಿ ಗುರುತಿಲ್ಲದ್ದು ಯಾರದೂ ಅಲ್ಲ ಎಂದು ಯಾರಿಗೆ ಗೊತ್ತಿತ್ತು. ಈಗಲೂ ಒಂದು ದಾರಿ ಇದೆ ಅಮ್ಮಾ, ಎಂದಳು ಲಾಯರಮ್ಮ ಇವತ್ತು ಬೆಳಿಗ್ಗೆ, ಇಬ್ಬರೂ ಸೇರಿ ಒಂದು ಪಾಲುದಾರಿಕೆ ಪತ್ರಕ್ಕೆ ರುಜು ಹಾಕಿ, ಇಷ್ಟು ವರ್ಷದ ದುಡಿಮೆಗೆ ಪ್ರತಿಫಲವಾಗಿ ಮನೆ ಮತ್ತು ಅಂಗಡಿಯಲ್ಲಿ ಅವರಿಗೆ ಪಾಲು, ನಿಮ್ಮ ನಂತರ ಪೂರ್ತಿ ಅವರಿಗೆ, ದಾನವಲ್ಲ, ವ್ಯವಹಾರ, ಆದ್ರೆ ಮನೆಯವರೊಳಗೆ ಆಟ ಕಟ್ಟಿದ್ದಾರೆ ಅಂತ ತೆರಿಗೆಯವರು ತಗಾದೆ ತೆಗೀಬಾರದು, ಅದಕ್ಕೆ ಮೊದಲ ಸಾಲಲ್ಲೇ ಸ್ಪಷ್ಟ ಮಾಡಿದೀನಿ, ಎಂದು ಓದಿದಳು, ಈ ಪತ್ರಕ್ಕೆ ರುಜು ಮಾಡಿರುವ ಇಬ್ಬರ ನಡುವೆ ಯಾವುದೇ ಕುಟುಂಬ ಸಂಬಂಧ ಹಿಂದೆಯೂ ಇರಲಿಲ್ಲವೆಂದು ಪರಿಗಣಿಸತಕ್ಕದ್ದು, ಈಗಲೂ ಇರುವುದಿಲ್ಲ, ಇದು ಕೇವಲ ಕೆಲಸದ ನಂಟು. ಒಂದೇ ವಾಕ್ಯ. ಬಸ್ಸಿನಲ್ಲಿ ಬರುತ್ತ ಅಕ್ಷರ ಕೂಡಿಸಿ ಕೂಡಿಸಿ ಓದಿದಳು ಗುಮ್ಮಿ, ಇಳಿಯುವ ನಿಲ್ದಾಣ ದಾಟಿಹೋಗಿತ್ತು.

ಪೆಟ್ಟಿಗೆ ಆರಿಸು, ಶೀಟು ಬಂತು, ಎಂದಳು ಅತ್ತಿಗೆ. ಆಸ್ಪತ್ರೆಯ ಹಾಸಿಗೆ ಶೀಟುಗಳು, ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ತಳ್ಳುಗಾಡಿಯ ತುಂಬ, ಬೆಚ್ಚಗಿರುವಾಗಲೇ ಮಡಿಸಿದರೆ ಇಸ್ತ್ರಿ ಬೇಡ, ಅದಕ್ಕೆ ಇಬ್ಬರು ಬೇಕು, ಒಬ್ಬರಿಂದ ಆಗುವ ಕೆಲಸವಲ್ಲ, ಇವಳು ಈ ಎರಡು ಮೂಲೆ ಹಿಡಿಯುತ್ತಾಳೆ, ಅತ್ತಿಗೆ ಆ ಎರಡು ಮೂಲೆ ಹಿಡಿದು ಹಿಂದಕ್ಕೆ ನಡೆಯುತ್ತಾಳೆ, ಬಾಗಿಲವರೆಗೆ, ಇಬ್ಬರೂ ಒಮ್ಮೆ ಜಾಡಿಸಿ ಬಿಗಿಯಾಗಿ ಎಳೆಯುತ್ತಾರೆ, ಫಟ್, ನಡುವೆ ನೆಲಕ್ಕೆ ತಾಗಬಾರದು, ಆಮೇಲೆ ಅತ್ತಿಗೆ ನಡೆದುಬರುತ್ತಾಳೆ, ತನ್ನ ಮೂಲೆಗಳನ್ನು ಗುಮ್ಮಿಯ ಬೆರಳುಗಳಿಗೆ ಸಿಕ್ಕಿಸಿ, ಬಾಗಿ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ, ಬೆರಳಿಗೆ ಬೆರಳು ತಾಗಿ, ಬಿಸಿಗೆ ಕೆಂಪಾದ ಆ ಮುಖ ಹತ್ತಿರ ಬಂದು, ದೂರ ಹೋಗಿ, ಹತ್ತಿರ ಬಂದು. ಈಗ ಹೇಳು. ಈ ಶೀಟು ಮುಗಿಯಲಿ. ಇದೂ ಮುಗಿಯಿತು, ಹೇಳು. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಏನೋ ನುಂಗಿಕೊಂಡು ಓಡಾಡ್ತಾ ಇದೀಯ, ಎಂದಳು ಅತ್ತಿಗೆಯೇ, ಹತ್ತಿರ ಬಂದಾಗ, ದನಿ ತಗ್ಗಿಸಿ, ಡಾಕ್ಟರ ಹತ್ರ ಹೋಗಿದ್ಯಾ, ಏನಂದ್ರು, ಮುಚ್ಚಿಡಬೇಡ. ಡಾಕ್ಟರಲ್ಲ, ಲಾಯರು. ಯಾಕೆ, ಯಾರನ್ನ ಹೊಡೆದೆ, ಎಂದು ನಕ್ಕು ಹಿಂದಕ್ಕೆ ನಡೆದಳು, ನಗುವಾಗ ಅವಳ ಮೂಲೆಗಳೂ ಕುಣಿದವು, ಅದೇ ಗುಮ್ಮಿಯ ಬಾಯಿ ಬಿಡಿಸಿತೇನೋ, ಇಷ್ಟು ವರ್ಷ ಒಂದೊಂದೇ ಮಾತಾಡಿದವಳು ಈಗ ನಿಲ್ಲಿಸದೆ ಹೇಳಿದಳು, ಹೊಸ ಕಾನೂನು, ತೆರಿಗೆ, ಹೊರಗಿನವರು, ಹಳೇ ವಿಲ್ಲು ಕೆಲಸಕ್ಕೆ ಬಾರದ್ದು, ಅಣ್ಣನ ಮಗನ ಹೆಸರಿಗೆ ಬರೆಯುವ ಕರಡು, ಅವನು ಅಂದ ಮಾತು. ನಾನು ಹೊರಗಿನೋಳಾ, ಎಂದಳು ಅತ್ತಿಗೆ. ಅವರ ಲೆಕ್ಕದಲ್ಲಿ. ಸರಿ ಹಾಗಾದ್ರೆ, ಹೊರಗಿನೋರು ಅಡುಗೆ ಮಾಡೋಕಾಗುತ್ತಾ, ಇವತ್ತು ನೀನೇ ಬೇಯಿಸು, ಉಣ್ಣೋಕೆ ಆಗದಿದ್ರೂ ಬಾಯ್ಮುಚ್ಕೊಂಡು ಉಣ್ತೀನಿ — ನಗು ಬರಲಿಲ್ಲ, ಇಬ್ಬರಿಗೂ. ಇನ್ನೊಂದು ಶೀಟು. ಫಟ್. ಆ ಹುಡುಗನಿಗೇ ಬರೆದುಬಿಡು ಗುಮ್ಮಿ, ಎಂದಳು ಅತ್ತಿಗೆ, ಒಳ್ಳೇ ಹುಡುಗ, ನನ್ನದೇನಿದೆ, ಒಂದು ಮೂಲೇಲಿ ಇದ್ಬಿಡ್ತೀನಿ. ಮೂಲೇಲಿ ಯಾಕೆ ಇರ್ತೀಯಾ ನೀನು, ಎಂದು ಕೂಗಿದಳು ಗುಮ್ಮಿ, ತನ್ನದೇ ದನಿ ಎಂದು ನಂಬಲಾಗಲಿಲ್ಲ, ಮುಂಗಡೆಯಿಂದ ಕೌಂಟರಿನ ಹುಡುಗಿ ಕತ್ತು ಚಾಚಿ ನೋಡಿದಳು, ಯಾಕೆ ಮೂಲೇಲಿ, ಯಾರಪ್ಪನ ಮನೆ ಅಂತ ಮೂಲೇಲಿ, ನಮ್ಮಪ್ಪನ ಮನೆ, ನಿನಗೂ ಅಪ್ಪನೇ ಅವರು, ಇರ್ಲಿ ಬಿಡಿ ಅನ್ನಿಸ್ಕೊಂಡು ಇರ್ತೀಯಾ, ನಾನು ಸತ್ತು ಅದನ್ನ ಕೇಳಿಸ್ಕೋಬೇಕಾ — ಅತ್ತಿಗೆ ಕಣ್ಣು ಅರಳಿಸಿ ನೋಡುತ್ತಿದ್ದಳು, ಅಬ್ಬಾ, ಬಾಯಿದೆ ಕಣೇ ನಿನಗೆ, ಎಂದಳು ಮೆಲ್ಲಗೆ. ಇನ್ನೊಂದು ದಾರಿ ಇದೆ, ನಾಳೆ ನನ್ನ ಜೊತೆ ಬಾ, ನೀನು ಪಾಲುದಾರಳು ಅಂತ ಕಾಗದ, ಇಬ್ಬರೂ ರುಜು ಹಾಕೋಣ, ಆಮೇಲೆ ಯಾರೂ ನಿನ್ನ ಮುಟ್ಟೋ ಹಾಗಿಲ್ಲ. ಏನಂತ ಬರೆದಿದೆ ಅದರಲ್ಲಿ. ಗುಮ್ಮಿ ಸುಳ್ಳು ಹೇಳಬಹುದಿತ್ತು, ಅತ್ತಿಗೆಗೆ ಓದಲು ಬರುವುದಿಲ್ಲ, ಇವಳಿಗಿಂತಲೂ ಕಡಿಮೆ ಶಾಲೆ, ತನ್ನ ಹೆಸರೊಂದನ್ನು ಬಿಟ್ಟರೆ ಶಾಯಿಯಲ್ಲಿ ಬರೆಯುವುದು ಗುರುತುಗಳನ್ನು ಮಾತ್ರ. ಸುಳ್ಳು ಬರಲಿಲ್ಲ. ಮೊದಲ ಸಾಲನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದಳು, ಯಾವುದೇ ಕುಟುಂಬ ಸಂಬಂಧ, ಹಿಂದೆಯೂ, ಈಗಲೂ.

ಅತ್ತಿಗೆ ಬಾಗಿಲ ಹತ್ತಿರ ಇದ್ದಳು, ಶೀಟು ಆಗಷ್ಟೇ ಜಾಡಿಸಿದ್ದು, ಬಿಗಿಯಾಗಿತ್ತು, ನಡೆದು ಬರಬೇಕಿತ್ತು, ಬರಲಿಲ್ಲ. ಇಲ್ಲ, ಎಂದಳು. ಬರೀ ಕಾಗದ ಅತ್ತಿಗೆ, ನಾವು ಇರೋ ಹಾಗೇ ಇರ್ತೀವಿ. ಇಲ್ಲ ಕಣೇ ಗುಮ್ಮಿ, ನಿನ್ನ ಅಣ್ಣನಿಗೆ ನಾನು ಯಾರೂ ಅಲ್ಲ ಅಂತ ಆವತ್ತು ಕೋರ್ಟಲ್ಲಿ ರುಜು ಹಾಕ್ದೆ, ಕೈ ನಡುಗಲಿಲ್ಲ ನನಗೆ, ಯಾಕೆ ಗೊತ್ತಾ, ಹೊರಗೆ ಬೆಂಚಿನ ಮೇಲೆ ನೀನು ಕೂತಿದ್ದೆ, ಹಾಕಿ ಬಂದು ನಿನ್ನ ಪಕ್ಕ ಕೂತ್ಕೊಂಡೆ, ಈಗ ನಿನಗೂ ನಾನು ಯಾರೂ ಅಲ್ಲ ಅಂತ ಹಾಕ್ಬಿಟ್ಟು ಯಾರ ಪಕ್ಕ ಕೂರ್ಲಿ. ಗುಮ್ಮಿಗೆ ಉತ್ತರ ಗೊತ್ತಿತ್ತು, ನನ್ನ ಪಕ್ಕವೇ, ಮತ್ತೆ ನನ್ನ ಪಕ್ಕವೇ, ಆದರೆ ರುಜು ಹಾಕಿದವಳ ಪಕ್ಕ ರುಜು ಹಾಕಿಸಿದವಳು ಹೇಗೆ ಕೂರುತ್ತಾಳೆ, ಹಾಕಿಸದಿದ್ದರೆ ಮನೆ ಹೋಗುತ್ತದೆ, ಹಾಕಿಸಿದರೆ ಇವಳು, ಮನೆ ಇವಳಿಗಾಗಿಯೇ ತಾನೇ, ಇವಳಿಲ್ಲದ ಮನೆಯನ್ನು ಯಾರಿಗೆ ಉಳಿಸುವುದು, ನಾಳೆ ಲಾಯರಮ್ಮ ಯಾವ ಕರಡು ಎಂದು ಕೇಳುತ್ತಾಳೆ, ಅಂಗಿ ಚೀಲದಿಂದ ತೆಗೆದುಕೊಟ್ಟು ಏನು ಹೇಳುವುದು, ಬರುವ ತಿಂಗಳು, ತೆರಿಗೆ, ಅರ್ಧಕ್ಕೆ ಹತ್ತಿರ, ಬಾ ಅತ್ತಿಗೆ, ಈ ಮಡಿಕೆಯಾದರೂ ಮುಗಿಸೋಣ, ಬಟ್ಟೆ ತಣ್ಣಗಾಗುತ್ತಿದೆ, ತಣ್ಣಗಾದರೆ ಸುಕ್ಕು ಕೂರುತ್ತದೆ, ಬಾ — ಬಾಯಿಂದ ಹೊರಟಿತೋ ಇಲ್ಲವೋ, ತಿಳಿಯಲಿಲ್ಲ, ಶೀಟಿನ ನಡು ಮೆಲ್ಲಗೆ ಜೋಲುತ್ತಿತ್ತು, ನೆಲಕ್ಕೆ ಒಂದು ಗೇಣು, ಗುಮ್ಮಿ ತನ್ನ ತುದಿಯನ್ನು ಎಳೆದಳು, ಆಚೆಯಿಂದಲೂ ಎಳೆತ ಬಂತು, ಮತ್ತೆ ಬಿಗಿಯಾಯಿತು, ಅಷ್ಟೇ, ಹೆಜ್ಜೆ ಬರಲಿಲ್ಲ, ಬೆಳ್ಳಗಿನ ಬಟ್ಟೆ ಇಷ್ಟು ಉದ್ದ, ಅದರಾಚೆ ಅತ್ತಿಗೆ, ಎರಡು ಮೂಲೆ ಅವಳ ಮುಷ್ಟಿಯಲ್ಲಿ, ಬರುತ್ತಿಲ್ಲ, ಬಿಡುತ್ತಿಲ್ಲ, ಬೆಂದು ಕೆಂಪಾದ ಆ ಮುಷ್ಟಿ, ಎರಡು ಮೂಲೆ, ಬರುತ್ತಿಲ್ಲ, ಬಿಡುತ್ತಿಲ್ಲ